ಒರೆಸದ ಮ್ಯಾಂಡೊಲಿನ್

ಡಚ್ಚರ ಮನೆಯಲ್ಲಿ ದೂಳು ಕಂಡರೆ ಮೂರರಲ್ಲಿ ಒಂದು ಆಗಿರಬೇಕು: ಮನೆಯಾಕೆ ತೀರಿಕೊಂಡಿರಬೇಕು, ಹಾಸಿಗೆ ಹಿಡಿದಿರಬೇಕು, ಇಲ್ಲವೇ ಬೇರೆ ಪಂಗಡದ ಚರ್ಚಿಗೆ ಸೇರಿರಬೇಕು. ನಾಲ್ಕನೆಯ ಕಾರಣವೊಂದನ್ನು, ನಾವು ಡಚ್ಚರು ವಲಸೆ ಬಂದು ನೆಲೆಸಿದ, ಶಿಕಾಗೋ ಕಡೆಯ ಕಲಮಜೂ ಊರಿಗೆ ಪರಿಚಯಿಸಿದ ಕೀರ್ತಿ ನನ್ನ ಭಾವ ಗರ್ಬೆನ್ ಹುಕ್‌ಸ್ಟ್ರಾ ಅವರಿಗೆ ಸಲ್ಲಬೇಕು.

ಭಾವ ಕಾಗದದ ಗಿರಣಿಯಲ್ಲಿ ಮೂವತ್ತೈದು ವರ್ಷ ದುಡಿದು ಒಮ್ಮೆಯೂ ಯಾವ ಯಂತ್ರಕ್ಕೂ ಕೈ ಸಿಕ್ಕಿಸಿಕೊಳ್ಳದೆ ನಿವೃತ್ತರಾದವರು. ಅವರು ಸಿಕ್ಕಿಸಿಕೊಳ್ಳುವುದೆಲ್ಲ ಬಾಯನ್ನು. ಅವರ ಹೆಂಡತಿ ಫೆನ್ನಾ ನನ್ನ ಅಕ್ಕ. ಫೆನ್ನಕ್ಕ ಶುಕ್ರವಾರ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಒರೆಸುತ್ತಾಳೆ. ಹಿಮ ಎತ್ತುವ ಸಲಿಕೆಯನ್ನು ತೊಳೆದು, ಒಣಗಿಸಿ, ಬಟ್ಟೆ ಹೊದಿಸಿ ಒಳಗಿಡುತ್ತಾಳೆ. ನಾನು ಲಾಮರ್ಟ್, ಪಕ್ಕದ ಮನೆಯವನು, ಕ್ಷೌರದಂಗಡಿ ನಡೆಸುವವನು. ಅವಳ ಮನೆಗೆ ಹೋಗುವ ಮೊದಲು ಅಂಗಿಯ ಮೇಲಿನ ಕೂದಲನ್ನು ಮೂರು ಸಲ ಕೊಡವಿಕೊಳ್ಳುತ್ತೇನೆ. ಬಾಗಿಲಲ್ಲಿ ಅವಳು ನಾಲ್ಕನೆಯ ಸಲ ಕೊಡವುತ್ತಾಳೆ.

ದೇಶ ಹುಟ್ಟಿ ಇನ್ನೂರು ವರ್ಷ ತುಂಬಿದ ಆ ವಸಂತದಲ್ಲಿ ಎಲ್ಲ ಊರುಗಳಿಗೂ ತಮ್ಮ ಅಟ್ಟದಲ್ಲಿ ಏನಾದರೂ ಇತಿಹಾಸ ಉಳಿದಿದೆಯೇ ಎಂದು ಹುಡುಕುವ ಹುಚ್ಚು ಹಿಡಿದಿತ್ತು. ನಮ್ಮೂರಿನ ಇತಿಹಾಸ ಎರಡೇ: ಸೆಲರಿ ಸೊಪ್ಪು ಮತ್ತು ತಂತಿವಾದ್ಯ. ಸೆಲರಿಯನ್ನು ತಿಂದು ಮುಗಿಸಿದ್ದೆವು. ಹಾಗಾಗಿ ಮ್ಯೂಸಿಯಮ್ಮಿನವರು ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿಸಿದರು. ಮೊದಲ ಮಹಾಯುದ್ಧದ ಕಾಲಕ್ಕೆ ನಮ್ಮೂರ ಕಾರ್ಖಾನೆಯಲ್ಲಿ ಸೈನಿಕರಿಗೆಂದೇ ತಯಾರಾದ ಮ್ಯಾಂಡೊಲಿನ್ ಯಾರ ಮನೆಯಲ್ಲಾದರೂ ಇದ್ದರೆ ಶನಿವಾರ ತೆಗೆದುಕೊಂಡು ಬನ್ನಿ ಎಂದು. ಅವು ತೀರ ಸಾದಾ ವಾದ್ಯಗಳು. ಸೈನಿಕನ ಗಂಟುಮೂಟೆಯಲ್ಲಿ ಹಿಡಿಯಲೆಂದು ಬೆನ್ನು ಚಪ್ಪಟೆ, ಹೂಬಳ್ಳಿಯ ಅಲಂಕಾರವಿಲ್ಲ, ಮೈಗೆ ಕಂದು ಬಣ್ಣದ ತೆಳ್ಳನೆಯ ವಾರ್ನಿಷ್, ಅಷ್ಟೇ.

ಭಾವನ ಅಪ್ಪ ವೀಬೆ ಹುಕ್‌ಸ್ಟ್ರಾ ಅಂಥದ್ದೊಂದನ್ನು ಕೊಂಡಿದ್ದರು. ಅವರು ಸೈನ್ಯ ಸೇರಿದ್ದು ನಿಜ. ಆದರೆ ಪಕ್ಕದೂರಿನ ಶಿಬಿರದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗಲೇ ಯುದ್ಧ ಮುಗಿದುಹೋಯಿತು. ಅಪ್ಪ ಹೊರಟ ಸುದ್ದಿ ಕೇಳಿಯೇ ಜರ್ಮನ್ನರು ಶರಣಾದರು ಎಂದು ಭಾವ ಹೇಳುತ್ತಾರೆ. ಆಮೇಲೆ ವೀಬೆ ಸಾಯುವವರೆಗೂ ಸೆಲರಿ ಬೆಳೆದರು, ಸಂಜೆ ಮ್ಯಾಂಡೊಲಿನ್ ನುಡಿಸಿದರು. ಅವರು ತೀರಿಕೊಂಡ ಮೇಲೆ ವಾದ್ಯ ಪೆಟ್ಟಿಗೆಯೊಳಗೆ ಸೇರಿತು, ಪೆಟ್ಟಿಗೆ ಅಟ್ಟ ಸೇರಿತು. ಭಾವನಿಗೆ ನುಡಿಸಲು ಬಾರದು. ಫೆನ್ನಕ್ಕ ಮೂವತ್ತೈದು ವರ್ಷ ಆ ಪೆಟ್ಟಿಗೆಯ ಹೊರಮೈಯನ್ನು ತಪ್ಪದೆ ಒರೆಸಿದಳು. ಒಳಗೆ ಮಖಮಲ್ಲು ಹಾಸಿದೆ, ದೂಳು ಹೇಗೆ ಹೋದೀತು ಎಂದು ಮುಚ್ಚಳ ತೆರೆಯಲಿಲ್ಲ. ಅವಳ ಜೀವನದಲ್ಲಿ ನನಗೆ ತಿಳಿದಂತೆ ಆದ ಏಕೈಕ ಅಲಕ್ಷ್ಯ ಅದು.

ಶನಿವಾರ ಮ್ಯೂಸಿಯಮ್ಮಿನ ಮೇಜಿನ ಮೇಲೆ ಐದು ಮ್ಯಾಂಡೊಲಿನ್‌ಗಳು ಬಂದು ಕೂತವು. ಐದೂ ಡಚ್ಚರ ಮನೆಯವು. ಪರೀಕ್ಷಿಸಲು ಕೂತವಳು ಮಿಸ್ ಕಾರ್ವರ್ ಎಂಬ ಹೊರ ಊರಿನ ಹುಡುಗಿ. ಮೊದಲನೆಯದಕ್ಕೆ ವರ್ಷ ವರ್ಷವೂ ನೆಲದ ಮೇಣ ಬಳಿದು ಅದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಎರಡನೆಯದನ್ನು ಶನಿವಾರ ಶನಿವಾರ ಸೋಪುನೀರಿನಲ್ಲಿ ತೊಳೆದು ಕುತ್ತಿಗೆ ಕಳಚಿತ್ತು. ಕುತ್ತಿಗೆಯನ್ನೂ ತೊಳೆದು ಬೇರೆ ಕಾಗದದಲ್ಲಿ ಸುತ್ತಿ ತಂದಿದ್ದರು. ಮೂರನೆಯದನ್ನು ತಂತಿಯ ನಾರಿನಿಂದ ತಿಕ್ಕಿ ತಿಕ್ಕಿ ಮರದ ಬಿಳಿ ಕಾಣುತ್ತಿತ್ತು. ನಾಲ್ಕನೆಯದು ನಮ್ಮ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ ಗೆಸೀನಾ ಬೌಕಾಂಪಳದು. ಆಕೆ ಅದಕ್ಕೆ ಬಿಳಿ ಪೇಂಟು ಹೊಡೆಸಿ, ಮೇಲೆ ಆರು ಕೆಂಪು ಟ್ಯುಲಿಪ್ ಹೂಗಳನ್ನು ಬರೆಸಿದ್ದಳು.

"ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದಳು ಮಿಸ್ ಕಾರ್ವರ್, ನಾಲ್ವರಿಗೂ, ಅಳು ನುಂಗಿಕೊಂಡು.

ಭಾವ ಪೆಟ್ಟಿಗೆ ತೆರೆದರು. ಆ ಹುಡುಗಿ ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ತೆಗೆದಳು.

"ಇದನ್ನ ಯಾರೂ ಒರೆಸೇ ಇಲ್ಲ," ಎಂದಳು. "ಕಾರ್ಖಾನೇಲಿ ಹಚ್ಚಿದ ವಾರ್ನಿಷ್ ಹಚ್ಚಿದ ಹಾಗೇ ಇದೆ. ನುಡಿಸಿದ ಕೈಯ ಕಪ್ಪೂ ಹಾಗೇ ಇದೆ. ಐವತ್ತೆಂಟು ವರ್ಷ. ಹೇಗೆ ಸಾರ್ ಕಾಪಾಡಿದ್ರಿ?"

ಭಾವನನ್ನು ಯಾರೂ ಅದುವರೆಗೆ ಯಾವುದನ್ನಾದರೂ ಹೇಗೆ ಮಾಡಿದಿರಿ ಎಂದು ಕೇಳಿರಲಿಲ್ಲ. ಏಕೆ ಮಾಡಿದಿರಿ ಎಂದಷ್ಟೇ ಕೇಳುತ್ತಿದ್ದರು. ಅವರು ಎದೆ ಉಬ್ಬಿಸಿ, ಹಿಂದೆ ಯಾರು ನಿಂತಿದ್ದಾರೆ ಎಂದು ನೋಡದೆ ಹೇಳಿದರು:

"ನಮ್ಮನೇಲಿ ಏನನ್ನೂ ಒರೆಸೋ ಪದ್ಧತಿನೇ ಇಲ್ಲ ಮೇಡಂ."

ಹಿಂದೆ ನಿಂತಿದ್ದವಳು ಗೆಸೀನಾ. ಭಾವ ಬಸ್ಸಿನಲ್ಲಿ ಮನೆಗೆ ಬಂದರು. ಸುದ್ದಿ ಫೋನಿನಲ್ಲಿ ಬಂತು, ಬೇಗ ಬಂತು.

ಫೆನ್ನಕ್ಕ ಬಾಗಿಲಲ್ಲೇ ಇದ್ದಳು. "ಅಲ್ಲಿ ಏನಂದೆ?"

"ಏನೂ ಅನ್ಲಿಲ್ಲವಲ್ಲ."

"ಒರೆಸೋ ಪದ್ಧತಿನೇ ಇಲ್ಲ ಅಂದೆಯಂತೆ."

"ಅದು ಮ್ಯಾಂಡೊಲಿನ್ ವಿಷಯಕ್ಕೆ ಅಂದಿದ್ದು."

"ಹನ್ನೊಂದು ಫೋನು ಬಂತು. ಹನ್ನೊಂದರಲ್ಲೂ ಮ್ಯಾಂಡೊಲಿನ್ ಅನ್ನೋ ಮಾತೇ ಇರ್ಲಿಲ್ಲ."

ಭಾವ ಜೇಬಿನಿಂದ ಮಿಸ್ ಕಾರ್ವರ್ ಬರೆದುಕೊಟ್ಟ ಚೀಟಿ ತೆಗೆದರು. ಅದನ್ನು ಓದುವಾಗ ಅವರ ದನಿ ಇಳಿಯುತ್ತ ಹೋಯಿತು. ಬಟ್ಟೆ ಮುಟ್ಟಿಸಬಾರದು. ಮೇಣ, ಎಣ್ಣೆ, ಪುಕ್ಕದ ಕುಂಚ, ಯಾವುದೂ ಕೂಡದು. ಪೆಟ್ಟಿಗೆಗೆ ನುಸಿ ಹಿಡಿದಿದೆ, ಮತ್ತೆ ಅದರೊಳಗೆ ಇಡಬಾರದು. ಅಟ್ಟದಲ್ಲಿ ಸೆಕೆ, ನೆಲಮಾಳಿಗೆಯಲ್ಲಿ ತೇವ, ಅಡುಗೆಮನೆಯಲ್ಲಿ ಹಬೆ. ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಗಳು ಇನ್ನೂ ತಯಾರಾಗಿಲ್ಲ. ಅಲ್ಲಿಯವರೆಗೆ ಮನೆಯ ನಡುಕೋಣೆಯ ಗೋಡೆಗೆ ತೂಗುಹಾಕಬೇಕು, ಪ್ರತಿ ಗುರುವಾರ ಅವಳೇ ಬಂದು ನೋಡಿಹೋಗುತ್ತಾಳೆ. ಜೂನ್ ಹತ್ತಕ್ಕೆ ಶಿಕಾಗೋದಿಂದ ಒಬ್ಬ ತಜ್ಞ ಬಂದು ದೀಪ ಹಿಡಿದು ನೋಡುತ್ತಾನೆ. ವಾರ್ನಿಷ್ ಮುಟ್ಟಿಲ್ಲ ಎಂದು ಅವನು ಹೇಳಿದರೆ ಈ ಮ್ಯಾಂಡೊಲಿನ್ ಪ್ರದರ್ಶನದ ನಟ್ಟನಡುವಿನ ಪೆಟ್ಟಿಗೆಯಲ್ಲಿ, ವೀಬೆ ಹುಕ್‌ಸ್ಟ್ರಾ ಎಂಬ ಹೆಸರಿನೊಂದಿಗೆ. ಮುಟ್ಟಿದೆ ಎಂದರೆ ಪಕ್ಕದ ಕಪಾಟಿನಲ್ಲಿ, ಉಳಿದ ನಾಲ್ಕರ ಜೊತೆ, ಹೆಸರಿಲ್ಲದೆ.

"ನಡುಕೋಣೆ," ಎಂದಳು ಫೆನ್ನಕ್ಕ. "ಎಲ್ಲರೂ ಬಂದು ಕೂರೋ ಕೋಣೆ."

"ಅಪ್ಪನ ಹೆಸರು ಎಲ್ಲೂ ಇಲ್ಲ ಫೆನ್ನಾ," ಎಂದರು ಭಾವ. "ಯುದ್ಧದ ಕಲ್ಲಿನ ಮೇಲೂ ಇಲ್ಲ. ಆಲೂಗಡ್ಡೆ ಸುಲಿದವರ ಹೆಸರು ಯಾರು ಕೆತ್ತಿಸ್ತಾರೆ? ಇದೊಂದು ಕಡೆ ಬರಲಿ ಅಂತ."

ಭಾವ ತಮ್ಮ ಜೀವನದಲ್ಲಿ ಆಡಿದ ಸರಿಯಾದ ಮಾತುಗಳು ಬೆರಳೆಣಿಕೆಯವು, ಇದು ಅವುಗಳಲ್ಲಿ ಒಂದು. ಫೆನ್ನಕ್ಕ ಗೋಡೆಯ ಕ್ಯಾಲೆಂಡರ್ ನೋಡಿದಳು. "ಏಳು ವಾರ," ಎಂದು ಹೇಳಿ ತಾನೇ ಮೊಳೆ ಹೊಡೆದು, ಮೊಳೆಯನ್ನು ಒರೆಸಿ, ಮ್ಯಾಂಡೊಲಿನ್ ತೂಗುಹಾಕಿದಳು.

ನಾನು ಅಕ್ಕನಿಗೆ ಬುದ್ಧಿ ಹೇಳಿದೆ. "ಬಂದವರಿಗೆಲ್ಲ ಹಿಂಗಿಂಗೆ ಅಂತ ಹೇಳಿಬಿಡು, ಮುಗಿದುಹೋಯ್ತು."

"ಕೊಳೆಗೆ ಕಾರಣ ಹೇಳೋರು ಯಾರು ಗೊತ್ತಾ ಲಾಮರ್ಟ್? ಕೊಳೆ ಇರೋರು. ನಾನು ಯಾರಿಗೂ ಹೇಳಲ್ಲ."

ಹೇಳಲಿಲ್ಲ. ಬದಲಿಗೆ ಉಳಿದದ್ದನ್ನೆಲ್ಲ ಎರಡು ಪಾಲು ಒರೆಸತೊಡಗಿದಳು. ಗೋಡೆ ಫಳಫಳ ಹೊಳೆಯಿತು, ಗಡಿಯಾರ ಹೊಳೆಯಿತು, ಕಿಟಕಿಯ ಗಾಜು ಇದೆಯೋ ಇಲ್ಲವೋ ತಿಳಿಯದಾಯಿತು. ಅವೆಲ್ಲದರ ನಡುವೆ ಮ್ಯಾಂಡೊಲಿನ್ ಇನ್ನಷ್ಟು ಕೊಳಕಾಗಿ ಕಂಡಿತು. ಹಳೆಯ ಕಪ್ಪಿನ ಮೇಲೆ ಹೊಸ ದೂಳೂ ನಿಧಾನವಾಗಿ ಕೂರತೊಡಗಿತು.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ವರ್ಷಕ್ಕೊಮ್ಮೆ ಹಿರಿಯರು ಇಬ್ಬಿಬ್ಬರಾಗಿ ಮನೆಮನೆಗೆ ಬಂದು ಆ ಮನೆಯವರ ಆತ್ಮದ ಕ್ಷೇಮ ವಿಚಾರಿಸುತ್ತಾರೆ. ಕಾಫಿ, ಬಿಸ್ಕತ್ತು, ಕೆಲವು ಪ್ರಶ್ನೆ, ಕೊನೆಗೆ ಪ್ರಾರ್ಥನೆ. ಆ ವರ್ಷ ಫೆನ್ನಕ್ಕನ ಮನೆಗೆ ಮೇ ತಿಂಗಳ ನಡುವೆ ಸರದಿ ಬಂತು. ಬಂದವರು ಹಿರಿಯ ಟರ್ಪ್‌ಸ್ಟ್ರಾ ಮತ್ತು ಗೆಸೀನಾಳ ಗಂಡ ಬೌಕಾಂಪ್. ಪ್ರಶ್ನೆಯೆಲ್ಲ ಟರ್ಪ್‌ಸ್ಟ್ರಾ ಅವರದು, ಬಿಸ್ಕತ್ತೆಲ್ಲ ಬೌಕಾಂಪರದು. ಭಾವನ ಬಾಯಿಗೆ ಕಾವಲೆಂದು ಅಕ್ಕ ನನ್ನನ್ನೂ ಕೂರಿಸಿಕೊಂಡಿದ್ದಳು.

"ಗರ್ಬೆನ್, ಮನೇಲಿ ಎಲ್ಲ ಕ್ಷೇಮವೋ?" ಎಂದರು ಟರ್ಪ್‌ಸ್ಟ್ರಾ. ಕಣ್ಣು ಗೋಡೆಯ ಮೇಲಿತ್ತು.

"ಕ್ಷೇಮ."

"ಎಲ್ಲವೂ?"

"ಎಲ್ಲವೂ."

"ಫೆನ್ನಾ, ನಿನ್ನ ಆರೋಗ್ಯ ಹೇಗಿದೆಯಮ್ಮ?"

"ಚೆನ್ನಾಗಿದೆ."

"ಕೈ ಎತ್ತೋಕೆ ಏನಾದ್ರೂ ತೊಂದರೆ? ಭುಜದಿಂದ ಮೇಲಕ್ಕೆ?"

ಫೆನ್ನಕ್ಕ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿದಳು. ಟರ್ಪ್‌ಸ್ಟ್ರಾ ತಲೆದೂಗಿ ಬೆರಳನ್ನು ಗೋಡೆಯತ್ತ ತಿರುಗಿಸಿದರು. "ಹಾಗಾದ್ರೆ ಅದು?"

ನಾನು ಭಾವನ ಕಾಲು ತುಳಿದೆ. ತುಳಿದದ್ದು ಬೌಕಾಂಪರ ಕಾಲೆಂದು ಆಮೇಲೆ ಗೊತ್ತಾಯಿತು.

"ಅದನ್ನ ಒರೆಸಬಾರದು ಅಂತ ಅವಳು ಹೇಳಿದ್ದಾಳೆ," ಎಂದರು ಭಾವ.

"ಯಾರು, ಫೆನ್ನಾನೇ?"

"ಅಲ್ಲ ಅಲ್ಲ. ಮಿಸ್ ಕಾರ್ವರ್ ಅಂತ."

"ಯಾವ ಚರ್ಚಿನವಳು?"

"ಕೇಳ್ಲಿಲ್ಲ. ಗುರುವಾರ ಗುರುವಾರ ಬರ್ತಾಳೆ. ಪರದೆ ಎಳೆದು, ದೀಪ ಆರಿಸಿ, ಟಾರ್ಚು ಹಾಕಿ ನೋಡ್ತಾಳೆ."

"ಏನನ್ನ?"

"ನಮ್ಮಪ್ಪನ ವಾರ್ನಿಷ್‌ನ."

ಟರ್ಪ್‌ಸ್ಟ್ರಾ ಕಾಫಿಯ ಬಟ್ಟಲನ್ನು ಕೆಳಗಿಟ್ಟರು. "ಆಗ ಫೆನ್ನಾ ಎಲ್ಲಿರ್ತಾಳೆ?"

"ಅಡುಗೆಮನೇಲಿ. ಅವಳಿಗೆ ಅದನ್ನ ನೋಡೋಕಾಗಲ್ಲ."

ಬೌಕಾಂಪರ ಬಿಸ್ಕತ್ತು ಬಾಯಿಯ ದಾರಿಯಲ್ಲಿ ಅರ್ಧಕ್ಕೇ ನಿಂತಿತು. ನಾನು ನಡುವೆ ಬಾಯಿ ಹಾಕಿ, ಇದು ಮ್ಯೂಸಿಯಮ್ಮಿನ ವಿಷಯ, ಇತಿಹಾಸದ ವಿಷಯ ಎಂದು ಹೇಳಲು ಹೊರಟೆ. ಟರ್ಪ್‌ಸ್ಟ್ರಾ ಕೈ ಎತ್ತಿ ತಡೆದು, "ಪ್ರಾರ್ಥನೆ ಮಾಡೋಣ," ಎಂದರು. ಆ ಪ್ರಾರ್ಥನೆ ಹನ್ನೆರಡು ನಿಮಿಷ ನಡೆಯಿತು. ಅದರಲ್ಲಿ ಅವರು ಈ ಮನೆಯ ಒಡೆಯನನ್ನು ಕತ್ತಲೆಯಿಂದಲೂ ಪರದೆಗಳಿಂದಲೂ ಗುರುವಾರಗಳಿಂದಲೂ ಕಾಪಾಡಬೇಕೆಂದು ಕೇಳಿಕೊಂಡರು. ಆಮೆನ್ ಎಂದವರಲ್ಲಿ ಭಾವನ ದನಿಯೇ ಜೋರಾಗಿತ್ತು.

ಮರುದಿನದಿಂದ ನನ್ನ ಅಂಗಡಿಗೆ ಕೂದಲು ಬೆಳೆಯದವರೂ ಬರತೊಡಗಿದರು. ಫೆನ್ನಾಳ ಭುಜ ಬಿದ್ದುಹೋಗಿದೆಯಂತೆ, ಎತ್ತಿ ತೋರಿಸಿದ್ದು ಬರೀ ಛಲಕ್ಕಂತೆ ಎಂದ ಒಬ್ಬ. ಗರ್ಬೆನ್ ಯಾವಳೋ ಹುಡುಗಿಯ ಜೊತೆ ಶಿಕಾಗೋಗೆ ಹೊರಟಿದ್ದಾನಂತೆ, ಜೂನ್ ಹತ್ತಕ್ಕೆ ಟಿಕೆಟ್ಟಂತೆ ಎಂದ ಇನ್ನೊಬ್ಬ. ಆ ಹೆಂಗಸು ದುಃಖದಲ್ಲಿ ಒರೆಸುವುದನ್ನೇ ಬಿಟ್ಟಿದ್ದಾಳೆ ಎಂಬಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು. ನಾನು ಒಬ್ಬೊಬ್ಬರಿಗೂ ನಿಜ ಹೇಳಿದೆ. ಕತ್ತಿನ ಮೇಲೆ ನನ್ನ ಕ್ಷೌರದ ಕತ್ತಿ ಇದ್ದಾಗಲೂ ಅವರು ನಂಬಲಿಲ್ಲ.

"ನೀನು ತಮ್ಮ, ಮುಚ್ಚಿಡ್ತೀಯ. ಮುಚ್ಚಿಡಬೇಕಾದ್ದೇ," ಎಂದು ಹೆಗಲು ತಟ್ಟಿ ಹೋದರು.

ಆಮೇಲೆ ಪಾತ್ರೆಗಳು ಬರತೊಡಗಿದವು. ನಮ್ಮಲ್ಲಿ ಒಂದು ಮನೆಗೆ ಕಷ್ಟ ಬಂದರೆ ಮಾತಾಡುವವರು ಕಡಿಮೆ, ಅಡುಗೆ ಕಳಿಸುವವರು ಹೆಚ್ಚು. ಸೋಮವಾರ ಬಟಾಣಿ ಸೂಪು ಬಂತು, ಮಂಗಳವಾರ ಹಂದಿಮಾಂಸ, ಆಲೂಗಡ್ಡೆ ಬೇಯಿಸಿದ್ದು ಮೂರು ಮನೆಗಳಿಂದ. ಪ್ರತಿ ಪಾತ್ರೆಯ ಕೆಳಗೂ ಅಂಟಿನ ಪಟ್ಟಿಯಲ್ಲಿ ಒಡತಿಯ ಹೆಸರು. ಜೀವಮಾನವೆಲ್ಲ ಇತರರ ಮನೆಗೆ ಪಾತ್ರೆ ಕಳಿಸಿದವಳು ಫೆನ್ನಕ್ಕ. ಈಗ ಬಾಗಿಲಲ್ಲಿ ನಿಂತು ಇಸಿದುಕೊಳ್ಳುವಾಗ ಅವಳ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ಒಳಗೆ ಹೋಗಿ ಪಾತ್ರೆ ಖಾಲಿಮಾಡಿ, ಇಪ್ಪತ್ತು ವರ್ಷದ ಮಸಿಯನ್ನೂ ಬಿಡದೆ ತಿಕ್ಕಿ, ಒಂದೇ ಗಂಟೆಯೊಳಗೆ ಹಿಂತಿರುಗಿಸುತ್ತಿದ್ದಳು. ತಮ್ಮದೇ ಪಾತ್ರೆಯ ಗುರುತು ಸಿಗದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು: "ಪಾಪ, ಪಾತ್ರೆ ತಿಕ್ಕಿ ತಿಕ್ಕಿ ದುಃಖ ಮರೀತಿದ್ದಾಳೆ."

ಭಾವ ತಿಂದು ದಪ್ಪಗಾದರು. ಆದರೆ ಮೇ ಕೊನೆಯ ಬುಧವಾರ ಫೆನ್ನಕ್ಕ ಮಹಿಳಾ ಸಂಘದ ಸಭೆಗೆ ಹೋಗದೆ ಮನೆಯಲ್ಲೇ ಕೂತದ್ದನ್ನು ಕಂಡಾಗ ಹಂದಿಮಾಂಸದ ತಟ್ಟೆಯನ್ನು ಬದಿಗೆ ಸರಿಸಿದರು. ಅವಳು ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ.

"ಒರೆಸಿಬಿಡು ಫೆನ್ನಾ," ಎಂದರು. "ಪಕ್ಕದ ಕಪಾಟಾದ್ರೆ ಪಕ್ಕದ ಕಪಾಟು. ಅಪ್ಪ ಏನೂ ಅಂದ್ಕೊಳಲ್ಲ. ಅವರು ಎಲ್ಲಿ ಕೂರಿಸಿದ್ರೂ ಕೂತ್ಕೊಳೋರು."

ಅಕ್ಕ ಆ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಆದರೆ ಜೂನ್ ಒಂಬತ್ತರ ಮಧ್ಯಾಹ್ನ ನಾನು ಬೇಲಿಯ ಈಚೆಯಿಂದ ಕಿಟಕಿಯೊಳಗೆ ನೋಡಿದಾಗ ಅವಳು ಒದ್ದೆ ಬಟ್ಟೆ ಹಿಡಿದು ಮ್ಯಾಂಡೊಲಿನ್ ಮುಂದೆ ನಿಂತಿದ್ದಳು. ಅರ್ಧ ಗಂಟೆ ನಿಂತಳು. ನಾನೂ ನಿಂತೆ, ಗಿರಾಕಿಯನ್ನು ಅರ್ಧ ಕ್ಷೌರಕ್ಕೆ ಬಿಟ್ಟು ಬಂದಿದ್ದೆ. ಅವಳು ವಾದ್ಯಕ್ಕೆ ಮುಖ ತೀರ ಹತ್ತಿರ ತಂದು ಏನನ್ನೋ ನೋಡಿದಳು. ಆಮೇಲೆ ಪಕ್ಕದ ಗಡಿಯಾರವನ್ನು ಒರೆಸಿ ಒಳಗೆ ಹೋದಳು.

ಜೂನ್ ಹತ್ತು, ಗುರುವಾರ, ಬೆಳಗ್ಗೆ ಒಂಬತ್ತಕ್ಕೆ ಮಹಿಳಾ ಸಂಘ ಬಂತು. ಮುಂದೆ ಗೆಸೀನಾ, ಹಿಂದೆ ಹನ್ನೊಂದು ಮಂದಿ, ಎಲ್ಲರ ತಲೆಗೂ ವಸ್ತ್ರ, ಎಲ್ಲರ ಕೈಯಲ್ಲೂ ಬಿಸಿನೀರಿನ ಬಕೆಟ್ಟು. ನೆಲ ಒರೆಸುವ ಕೋಲುಗಳನ್ನು ಹೆಗಲ ಮೇಲಿಟ್ಟುಕೊಂಡು ಅವರು ಬೀದಿಯಲ್ಲಿ ನಡೆದು ಬಂದಾಗ ನಾಯಿಗಳೂ ದಾರಿ ಬಿಟ್ಟವು. ಗುರುವಾರದ ಹೆಂಗಸು ಬರುವ ದಿನವೆಂದು, ಏನಾದರೂ ಹೆಚ್ಚುಕಡಿಮೆಯಾದೀತೆಂದು ಹಿರಿಯ ಟರ್ಪ್‌ಸ್ಟ್ರಾ ಅವರೂ ಹಿಂದೆ ಬಂದಿದ್ದರು. ನಾನು ಅಂಗಡಿಗೆ ಬೀಗ ಹಾಕಿ ಓಡಿದೆ.

"ಫೆನ್ನಾ, ನೀನೇನೂ ಹೇಳ್ಬೇಡ," ಎಂದಳು ಗೆಸೀನಾ. "ಎಲ್ಲರ ಮನೇಲೂ ಒಂದು ದಿನ ಬರುತ್ತೆ ಇಂಥದ್ದು. ನೀನು ಕೂತ್ಕೋ. ನಾವೆಲ್ಲ ಮಾಡ್ತೀವಿ."

"ನನಗೇನಾಗಿದೆ?"

"ಏನೂ ಆಗಿಲ್ಲ. ಕೂತ್ಕೋ."

ಗೆಸೀನಾ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ನೇರವಾಗಿ ಗೋಡೆಯತ್ತ ನಡೆದಳು. ಭಾವ ಓಡಿಹೋಗಿ ಮ್ಯಾಂಡೊಲಿನ್ನಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು. ಅವರು ಅಷ್ಟು ಧೀರವಾಗಿ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಬದಿಗೆ ಸರಿ ಗರ್ಬೆನ್," ಎಂದಳು ಗೆಸೀನಾ.

ಭಾವ ಬದಿಗೆ ಸರಿದರು.

ಬಟ್ಟೆ ವಾದ್ಯಕ್ಕೆ ಒಂದು ಗೇಣು ದೂರವಿರುವಾಗ ಫೆನ್ನಕ್ಕ ಗೆಸೀನಾಳ ಮಣಿಕಟ್ಟು ಹಿಡಿದಳು. ಏರುದನಿಯಲ್ಲಿ ಮಾತಾಡಲಿಲ್ಲ.

"ಆ ಕಪ್ಪು ಏನು ಅಂತ ಗೊತ್ತಾ ನಿನಗೆ?"

"ಕೊಳೆ," ಎಂದಳು ಗೆಸೀನಾ.

"ಸೆಲರಿ ಹೊಲದ ಮಣ್ಣು. ನಮ್ಮ ಮಾವ ಹೊಲದಿಂದ ಬಂದು ಕೈ ತೊಳ್ಕೊಂಡೇ ಅದನ್ನ ಮುಟ್ತಿದ್ರು. ತೊಳೆದ್ರೂ ಬೆರಳ ಗೆರೆಯೊಳಗೆ ಉಳೀತಿತ್ತು. ಇಲ್ಲಿ ನೋಡು, ತಂತಿ ಪಕ್ಕ. ಇದು ಕಿರುಬೆರಳು ಊರ್ತಿದ್ದ ಜಾಗ. ಗುರುತು ಮೊಂಡಾಗಿದೆ. ಸೆಲರಿ ಕೊಯ್ಯೋ ಚಾಕುಗೆ ಅವರ ಬೆರಳ ತುದಿ ಹೋಗಿತ್ತಲ್ಲ. ನಿನ್ನೆ ಒರೆಸೋಣ ಅಂತಲೇ ಬಂದೆ, ಆಗ ಕಾಣಿಸ್ತು ನನಗೆ."

ಫೆನ್ನಕ್ಕ ಹಿಡಿದ ಕೈ ಬಿಡದೆ ಹೇಳಿದಳು:

"ಕೊನೆ ಎರಡು ವರ್ಷ ಹಾಸಿಗೇಲಿದ್ದಾಗ ಆ ಕೈನ ದಿನಾ ನಾನೇ ತೊಳೆದೆ. ಸೋಪು ಹಾಕಿ, ಬ್ರಶ್ಶು ಹಾಕಿ ತೊಳೆದೆ. ಹೊಲ ಬಿಟ್ಟು ಎರಡು ವರ್ಷ ಆದ್ರೂ ಆ ಮಣ್ಣು ನನ್ನ ಕೈಲಿ ಹೋಗ್ಲಿಲ್ಲ ಗೆಸೀನಾ. ನಿನ್ನ ಕೈಲಿ ಹೋಗುತ್ತಾ?"

ಹೋಗದ ಕೊಳೆಯೊಂದು ಲೋಕದಲ್ಲಿದೆ ಎಂದು ಫೆನ್ನಕ್ಕ ಒಪ್ಪಿಕೊಂಡದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಅಲ್ಲಿದ್ದ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಸೆಲರಿ ಬೆಳೆದವರ ಹೆಣ್ಣುಮಕ್ಕಳು. ಆ ಹೊಲಗಳ ಮೇಲೆ ಈಗ ಅಂಗಡಿಗಳೂ ಕಾರು ನಿಲ್ಲಿಸುವ ಜಾಗಗಳೂ ಎದ್ದಿವೆ, ಆ ಕರಿಮಣ್ಣನ್ನು ಹುಡುಕಿದರೂ ಸಿಗುವುದಿಲ್ಲ. ಗೆಸೀನಾ ಬಗ್ಗಿ ಆ ಮೊಂಡು ಗುರುತನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

"ನಮ್ಮಪ್ಪನ ಕೈಯೂ ಹೀಗೇ ಇತ್ತು," ಎಂದಳು. "ಶವಪೆಟ್ಟಿಗೇಲಿ ಮಲಗಿಸಿದಾಗಲೂ ಹೀಗೇ ಇತ್ತು. ಅಮ್ಮನಿಗೆ ಅದೇ ಒಂದು ಕೊರಗು."

ನನಗೆ ಕಣ್ಣು ತುಂಬಿ ಬಂತು. ಭಾವ ಬಿಕ್ಕುವ ಸದ್ದು ಕೇಳಿಸಿತು. ಆಗಲೇ ಮಿಸ್ ಕಾರ್ವರ್ ಶಿಕಾಗೋದ ತಜ್ಞನನ್ನು ಕರೆದುಕೊಂಡು ಒಳಗೆ ಬಂದಳು. ವಾದ್ಯದ ಸುತ್ತ ಹನ್ನೆರಡು ಬಕೆಟ್ಟು ಬಿಸಿನೀರು ಹಬೆಯಾಡುವುದನ್ನು ಕಂಡು ಅಲ್ಲೇ ಬಾಗಿಲಿಗೆ ಆತುಕೊಂಡಳು.

"ಯಾರೂ ಮುಟ್ಟಿಲ್ಲ," ಎಂದಳು ಫೆನ್ನಕ್ಕ. "ಬಕೆಟ್ಟು ಅಡುಗೆಮನೆಗೆ ತಗೊಂಡ್ಹೋಗ್ರೇ, ಹಬೆ ತಾಗಬಾರದು."

ತಜ್ಞ ಕುಳ್ಳಗಿನ ಮನುಷ್ಯ, ಮಾತಿಲ್ಲದವನು. ಪರದೆ ಎಳೆದು, ದೀಪ ಆರಿಸಿ, ತನ್ನ ಟಾರ್ಚಿನಿಂದ ವಾದ್ಯದ ಮೈಯನ್ನು ಅಂಗುಲ ಅಂಗುಲವಾಗಿ ನೋಡಿದ. ಮಹಿಳಾ ಸಂಘ ಗೋಡೆಗೆ ಸಾಲಾಗಿ ನಿಂತು ಉಸಿರು ಹಿಡಿದಿತ್ತು. ಟರ್ಪ್‌ಸ್ಟ್ರಾ ನನ್ನ ಕಿವಿಯ ಬಳಿ ಬಗ್ಗಿದರು.

"ಗುರುವಾರ ನಡೀತಿದ್ದದ್ದು ಇದೇನಾ?"

"ಇದೇ."

"ಇಷ್ಟೇನಾ?"

"ಇಷ್ಟೇ ಹಿರಿಯರೇ."

ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಅರ್ಧ ಗಂಟೆಯ ಮೇಲೆ ತಜ್ಞ ಟಾರ್ಚು ಆರಿಸಿದ. "ಮೂಲ ವಾರ್ನಿಷ್," ಎಂದ. "ಇದರ ಮೇಲೆ ಒಂದು ಸಲವೂ ಬಟ್ಟೆ ಬಿದ್ದಿಲ್ಲ. ನಡುವಿನ ಪೆಟ್ಟಿಗೆ." ಭಾವ ಅವನ ಕೈ ಹಿಡಿದು ಎಷ್ಟು ಕುಲುಕಿದರೆಂದರೆ ಬಿಡಿಸಲು ನಾನು ಹೋಗಬೇಕಾಯಿತು.

ತಜ್ಞ ಹೋದ. ಹೆಂಗಸರು ಹೋಗಲಿಲ್ಲ. ಕಾಯಿಸಿದ ನೀರನ್ನು ಸುಮ್ಮನೆ ಚೆಲ್ಲುವ ಪದ್ಧತಿ ನಮ್ಮಲ್ಲಿಲ್ಲ. "ಬಂದಿದ್ದೀವಿ, ಏನಾದ್ರೂ ಒರೆಸಿ ಹೋಗ್ತೀವಿ," ಎಂದಳು ಗೆಸೀನಾ. ಫೆನ್ನಕ್ಕ ಎರಡೂ ಕೈ ಕಟ್ಟಿಕೊಂಡು, "ಹುಡುಕ್ಕೊಳ್ಳಿ," ಎಂದಳು. ಹನ್ನೆರಡು ಮಂದಿ ಎರಡು ಗಂಟೆ ಹುಡುಕಿದರು. ಒಲೆಯ ಹಿಂದೆ ನೋಡಿದರು, ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದರು, ಮೇಜಿನ ಖಾನೆಗಳನ್ನು ಮಗುಚಿ ತಳ ನೋಡಿದರು. ಗೆಸೀನಾ ದೂಳು ಹೀರುವ ಯಂತ್ರದ ಚೀಲದೊಳಕ್ಕೇ ಕೈ ಹಾಕಿದಳು, ಅದರೊಳಗೂ ದೂಳಿರಲಿಲ್ಲ. ಕೊನೆಗೆ ಸೋಫಾದ ಮೇಲೆ ಒಂದು ಕೂದಲು ಸಿಕ್ಕಿತು. ವಿಚಾರಣೆಯಾಗಿ ಅದು ನನ್ನ ಗಿರಾಕಿಯೊಬ್ಬನದೆಂದು ಸಾಬೀತಾಯಿತು. ಎಲ್ಲರ ಮುಂದೆ ನನ್ನನ್ನು ಅಂಗಳಕ್ಕೆ ಕರೆದೊಯ್ದು ಕೊಡವಿದರು.

ಒಂದು ವಾರದ ಮೇಲೆ ಮಿಸ್ ಕಾರ್ವರ್ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಚೀಟಿಯ ಕರಡು ತಂದು ಓದಿದಳು. 'ಸೈನಿಕರಿಗಾಗಿ ಈ ಊರಿನಲ್ಲೇ ತಯಾರಾದ ಮ್ಯಾಂಡೊಲಿನ್, 1918. ಮೂಲ ವಾರ್ನಿಷ್, ಎಂದೂ ಒರೆಸದ ಸ್ಥಿತಿಯಲ್ಲಿ. ನುಡಿಸಿದವರು ವೀಬೆ ಹುಕ್‌ಸ್ಟ್ರಾ, ಶಿಬಿರದ ಅಡುಗೆಯವರು, ಸೆಲರಿ ಬೆಳೆಗಾರರು. ಕೊಟ್ಟವರು ಗರ್ಬೆನ್ ಮತ್ತು ಫೆನ್ನಾ ಹುಕ್‌ಸ್ಟ್ರಾ.'

ಭಾವನಿಗೆ ಮಾತೇ ಹೊರಡಲಿಲ್ಲ. ಫೆನ್ನಕ್ಕನಿಗೆ ಹೊರಟಿತು.

"ಒರೆಸದ ಅನ್ನೋ ಮಾತೂ ನನ್ನ ಹೆಸರೂ ಒಂದೇ ಚೀಟೀಲಿ ಇರೋಕಾಗಲ್ಲ."

"ಆದ್ರೆ ಅದೇ ಇದರ ವಿಶೇಷ ಅಮ್ಮ," ಎಂದಳು ಹುಡುಗಿ.

"ಇರಲಿ. ಕೆಳಗೆ ಇನ್ನೊಂದು ಸಾಲು ಹಾಕಿ." ಯಾವ ಸಾಲೆಂದು ಅಕ್ಕ ಹೇಳಿದಳು.

ಮಿಸ್ ಕಾರ್ವರ್ ಪೇಚಿಗೆ ಸಿಕ್ಕಿಕೊಂಡಳು. "ಮ್ಯೂಸಿಯಮ್ಮು ತಾನು ಪರೀಕ್ಷೆ ಮಾಡದೇ ಇರೋದನ್ನ ಬರೆಯೋ ಹಾಗಿಲ್ಲ. ಯಾರಾದ್ರೂ ನೋಡಿ ಖಾತ್ರಿ ಕೊಡಬೇಕು."

ಫೆನ್ನಕ್ಕ ಎದ್ದು ಹೋಗಿ ಫೋನು ಎತ್ತಿಕೊಂಡಳು.

ಆ ವರ್ಷ ಜುಲೈ ನಾಲ್ಕು ಭಾನುವಾರ ಬಿದ್ದಿತ್ತು. ಭಾನುವಾರ ನಮ್ಮವರು ಚರ್ಚು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ, ದೇಶದ ಹುಟ್ಟುಹಬ್ಬಕ್ಕೂ ಹೋಗುವುದಿಲ್ಲ. ಸೋಮವಾರ ಇಡೀ ಕೇರಿಯೇ ಮ್ಯೂಸಿಯಮ್ಮಿನ ಮುಂದೆ ಸಾಲು ನಿಂತಿತು. ಭಾವ ಕೋಟು ಹಾಕಿಕೊಂಡು ನಡುವಿನ ಪೆಟ್ಟಿಗೆಯ ಮುಂದೆ ನಿಂತು ಅಪ್ಪನ ಹೆಸರನ್ನು ಮತ್ತೆ ಮತ್ತೆ ಓದಿದರು, ಪ್ರತಿ ಸಲವೂ ಮೊದಲ ಸಲ ಓದುವವರ ಹಾಗೆ. ಅಕ್ಕ ಅವರ ಪಕ್ಕ ನಿಂತಿದ್ದಳು, ಕನ್ನಡಕ ಮರೆತು ಬಂದ ಮುದುಕಿಯರಿಗೆಲ್ಲ ಚೀಟಿಯ ಕೊನೆಯ ಭಾಗವನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತ:

'ಮನೆಯ ಉಳಿದೆಲ್ಲ ವಸ್ತುಗಳನ್ನೂ ಒರೆಸಲಾಗಿದೆ. ಪರೀಕ್ಷಿಸಿದವರು: ಗೆಸೀನಾ ಬೌಕಾಂಪ್ ಮತ್ತು ಮಹಿಳಾ ಸಂಘದ ಹನ್ನೊಂದು ಸದಸ್ಯೆಯರು.'